ಎರಡು ಕೈಯ ಶರಣು

ಎಪ್ಪತ್ತಾರು ದಾಟಿದರೂ ನಮ್ಮಪ್ಪ ಕಾರು ಓಡಿಸುವುದನ್ನು ಬಿಟ್ಟಿರಲಿಲ್ಲ. ದಾರಿಯಲ್ಲಿ ಯಾರಾದರೂ ‘ಶರಣ್ರೀ’ ಅಂದರೆ ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಗಿಯುತ್ತಿದ್ದರು. ಹತ್ತಿಮತ್ತೂರಿನಲ್ಲಿ ಬಹಳ ವರ್ಷ ಮಾಸ್ತರರಾಗಿದ್ದವರು. ನಾವಿರುವ ಸವಣೂರಿನಿಂದ ಅಲ್ಲಿಯವರೆಗೆ ಶರಣು ಅನ್ನುವವರಿಗೆ ಬರವೇ ಇಲ್ಲ.

“ಒಂದ ಕೈಲೆ ಮಾಡ್ರಿ, ಸಾಕು” ಎಂದು ನಾನು ಸಿಡುಕಿದರೆ, “ಒಂದ ಕೈ ಬೀಸಾಕ ನಾ ಏನ್ ಮಂತ್ರಿ ಏನವಾ?” ಅನ್ನುತ್ತಿದ್ದರು.

ಈಚೆಗೆ ಇನ್ನೊಂದು ತೊಡಕು ಸೇರಿತ್ತು. ಶರಣು ಅಂದವರು ಯಾರೆಂದು ಗುರುತು ಸಿಗದೆ ಹಿಂತಿರುಗಿ ನೋಡುತ್ತಿದ್ದರು. ಕಣ್ಣು ಮಂಜಾಗಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ. ಕಾರಿನ ಚಾವಿ ಕೇಳಿಬಿಡಬೇಕೆಂದು ಎಷ್ಟೋ ಸಲ ಮಾತು ಜೋಡಿಸಿದೆ, ನುಂಗಿದೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ನಾಲಿಗೆ ಅಪ್ಪನ ಮುಂದೆ ಆ ಮಾತಿಗೆ ಮಾತ್ರ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹತ್ತಿಮತ್ತೂರಿಗೆ ಮದುವೆಗೆ ಹೊರಟಿದ್ದೆವು. ಗೋವಿನಜೋಳ ಬಂದ ಕಾಲ. ಎಡಗಡೆಯ ಅರ್ಧ ರಸ್ತೆಗೆ ಒಣಗಲೆಂದು ಕಾಳು ಹರವಿ, ಅಂಚಿಗೆ ಕಲ್ಲು ಸಾಲಿಟ್ಟಿದ್ದರು. ಬಲಕ್ಕೆ ಯಾರೋ “ಶರಣ್ರೀ ಸರ್” ಎಂದು ಕೂಗಿದರು. ನಾನು ತಲೆ ಎತ್ತುವಷ್ಟರಲ್ಲಿ ಅಪ್ಪನ ಕೈಗಳು ಮೇಲಿದ್ದವು, ಕತ್ತು ಹಿಂದಕ್ಕೆ ತಿರುಗಿತ್ತು. ಕಾರು ಕಲ್ಲು ಹಾರಿಸಿ ಕಾಳಿನೊಳಗೆ ನುಗ್ಗಿತು. ನಾನು ಚೀರಿದೆ, ಅಪ್ಪ ಬ್ರೇಕ್ ಒತ್ತಿದರು. ಎರಡು ಮಾರು ಮುಂದೆ, ಕಾಲಿನಿಂದ ಕಾಳು ತಿರುವುತ್ತಿದ್ದ ಮುದುಕಿಯೊಬ್ಬಳು ಕಲ್ಲಾಗಿ ನಿಂತಿದ್ದಳು.

ಅಪ್ಪ ಇಳಿದು ಹೋಗಿ ಅವಳೆದುರು ನಿಂತರು. ಅವಳೇ ಅವರ ತೋಳು ಹಿಡಿದಳು.

“ಯಾಕ ಇಷ್ಟ ಗಾಬರಿ ಆಗೀರಿ? ನನಗೇನೂ ಆಗಿಲ್ಲ. ಕುಂತ್ಕೋರಿ, ನೀರ ಕುಡೀರಿ.”

ಅವಳ ತಂಬಿಗೆಯ ನೀರು ಕುಡಿದು, ಚೆಲ್ಲಿದ ಕಾಳನ್ನು ಮೂವರೂ ಕೂಡಿ ಬಳಿದೆವು. ಕಾರಿನ ಹತ್ತಿರ ಬಂದಾಗ ಅಪ್ಪ ಚಾವಿಯನ್ನು ನನ್ನ ಅಂಗೈಯಲ್ಲಿಟ್ಟರು.

“ಅಕಿ ನನಗ ಕಂಡಿದ್ದಿಲ್ಲವಾ,” ಅಂದರು. “ಕೈ ಎತ್ತೂಕಿಂತ ಮೊದಲೂ ಕಂಡಿದ್ದಿಲ್ಲ.”

ಇಷ್ಟು ದಿನ ನಾನು ಕೇಳಲಾರದೆ ಉಳಿದದ್ದು ಕೈಗೆ ಬಂದಿತ್ತು. ಆದರೂ ಸಮಾಧಾನವಾಗಲಿಲ್ಲ. ಏಕೆಂದರೆ ನಾನೂ ಅವಳನ್ನು ಕಂಡಿರಲಿಲ್ಲ. ಪಕ್ಕದಲ್ಲೇ ಕೂತು, ಯಾರೋ ಕಳಿಸಿದ ಸೀರೆಯ ಫೋಟೊಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ನನ್ನ ಕಣ್ಣಿಗೆ ಯಾವ ಮಂಜೂ ಇಲ್ಲ. ಅಪ್ಪನಿಗೆ ಅದನ್ನು ಹೇಳಿದೆ, ಹೇಳುತ್ತ ಅತ್ತುಬಿಟ್ಟೆ.

ಅವರು ಬೈಯಲಿಲ್ಲ. ನನ್ನ ಇನ್ನೊಂದು ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

“ಈಗ ಗಾಡಿ ನೀ ಹೊಡಿ,” ಎಂದು ಎಡಗಡೆಯ ಬಾಗಿಲು ತೆರೆದರು.