ಹೊನ್ನಪ್ಪನ ಹರಗೋಲು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅರ್ಧ ಸುಳ್ಳು, ಅರ್ಧ ಪುಕ್ಕಲುತನ ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವುದಾದರೆ ನಗಿ, ನಾನು ಕಂಡದ್ದು ಇಷ್ಟು.

ಮುಂಡರಗಿ ತಾಲ್ಲೂಕಿನ ಹೊಳೆದಂಡೆಯ ಊರಲ್ಲಿ ನನ್ನ ಮನೆ, ತುಂಗಭದ್ರೆಯ ಆಚೆ ನಾನು ಕಲಿಸುತ್ತಿದ್ದ ಶಾಲೆ. ಅಂಬಿಗರ ಹೊನ್ನಪ್ಪ ದಿನವೂ ನನ್ನನ್ನು ದಾಟಿಸುತ್ತಿದ್ದ. ಬಾಣಂತಿಯರು, ಬೀಗರು, ಶೇಂಗಾ ಚೀಲ, ಆಡು, ಎಲ್ಲವೂ ಅವನ ಹರಗೋಲಿನಲ್ಲೇ. ಸೇತುವೆಯಾದ ಮೇಲೂ ಜನ ಅವನನ್ನು ಬಿಡಲಿಲ್ಲ. ಅಂಬಿಗರ ಓಣಿಗಂತೂ ಅವನೆಂದರೆ ಜೀವ.

ಕೆಲವು ವರ್ಷಗಳ ಹಿಂದೆ ಎದೆನೋವು ಬಂದು ಹೋಗಿಬಿಟ್ಟ. ಅಲ್ಲಿಯ ಪದ್ಧತಿಯಂತೆ ಹರಗೋಲಿನ ಹುಟ್ಟನ್ನು ಅವನ ಜೊತೆಯೇ ಕುಣಿಯಲ್ಲಿಟ್ಟು ಮಣ್ಣು ಮುಚ್ಚಿದರು. ಆಮೇಲೆ ಖಾಲಿ ಹರಗೋಲನ್ನು ಹೊಳೆಗೆ ಬಿಟ್ಟರು. ಅದು ತಿರುವು ದಾಟಿ ಮರೆಯಾಗುವ ತನಕ ಸತ್ತವನ ಹೆಸರು ಹಿಡಿದು ಯಾರೂ ಅಳಬಾರದು. ಹೆಂಡತಿ ದ್ಯಾಮವ್ವನಿಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ಗಂಡನ ಹೆಸರು ಹೇಳದ ಹೆಂಗಸು, "ಹೊನ್ನಪ್ಪಾ..." ಎಂದು ಚೀರಿದಳು.

ಹರಗೋಲು ನಿಂತಿತು. ಆಮೇಲೆ ಸೆಳವಿಗೆ ಎದುರಾಗಿ ನಮ್ಮ ಕಡೆಗೆ ಬರತೊಡಗಿತು.

ಗಾಳಿ ಇರಬೇಕು ಎನ್ನುತ್ತೀರಿ. ಆ ಮಧ್ಯಾಹ್ನ ದಂಡೆಯ ಜಾಲಿಗಿಡದ ಎಲೆಯೂ ಅಲುಗಿರಲಿಲ್ಲ. ಅದೂ ಅಲ್ಲದೆ, ಖಾಲಿ ಹರಗೋಲು ನೀರಲ್ಲಿ ಗಿರಗಿರ ತಿರುಗುತ್ತದೆ. ಇದು ತಿರುಗಲಿಲ್ಲ. ಯಾರೋ ಹುಟ್ಟು ಹಾಕುತ್ತಿರುವಂತೆ ನೆಟ್ಟಗೆ ಬಂತು.

ಗಳಿಗೆ ಮೊದಲು ಅವನಿಗಾಗಿ ಎದೆ ಬಡಿದುಕೊಂಡವರೇ ಕಲ್ಲು ಎತ್ತಿಕೊಂಡರು. ಹೊನ್ನಪ್ಪನ ತಮ್ಮ ಫಕೀರಪ್ಪ ಅತ್ತಿಗೆಯ ತುರುಬು ಹಿಡಿದು ನೀರಿನ ತನಕ ಎಳೆದೊಯ್ದ. "ಕರದಾಕಿ ನೀನ, ನೀನ ಕಳಸು! ನೀ ನನ್ನ ಗಂಡ ಅಲ್ಲ ಅಂತ ಒದರು! ಇಲ್ಲಂದ್ರ ಒಬ್ಬೊಬ್ಬರನ್ನ ಕರಕೊಂಡು ಹೊಕ್ಕಾನ!"

"ಬಿಡಲೇ ಆಕೀನ್ನ!" ಎಂದು ಕೂಗುತ್ತ ನಾನು ನುಗ್ಗಿದೆ. ನಾಲ್ಕು ಜನ ನನ್ನನ್ನು ಅವುಚಿ ಹಿಡಿದರು.

ದ್ಯಾಮವ್ವ ಬಹಳ ಹೊತ್ತು ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಫಕೀರಪ್ಪ ಅವಳ ಮುಖವನ್ನು ನೀರಿಗೆ ಅದ್ದಿ ಎತ್ತಿದ. ಕೊನೆಗೆ ಅವಳ ಬಾಯಿಂದ ಆ ಮಾತು ಹೊರಟಿತು: "ನೀ ನನ್ನ ಗಂಡ ಅಲ್ಲ. ಹೋಗು."

ಹರಗೋಲು ಗಕ್ಕನೆ ನಿಂತಿತು. ಮೆಲ್ಲಗೆ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಆಮೇಲೆ ಎಲ್ಲ ಖಾಲಿ ಹರಗೋಲುಗಳಂತೆ ಗಿರಗಿರನೆ ತಿರುಗುತ್ತ ಸೆಳವಿನ ಜೊತೆ ಹೋಗಿಬಿಟ್ಟಿತು.

ಜನ ಕಲ್ಲು ಕೆಳಗಿಟ್ಟು, ಮಿಂದು ಮನೆಗೆ ಹೋದರು. ಒದ್ದೆ ಸೀರೆಯಲ್ಲಿ ಕೂತಿದ್ದ ದ್ಯಾಮವ್ವ ನನ್ನ ಕಡೆ ನೋಡಿದಳು.

"ಮಾಸ್ತರ್ರೀ, ಅವ ಅದರಾಗ ಇದ್ದಿಲ್ಲ ಅಂತ ಒಂದ್ ಮಾತು ಹೇಳ್ರಿ."

ಅದು ಏನು, ಹೇಗೆ ಎಂದು ನನಗೆ ಈವತ್ತಿಗೂ ತಿಳಿದಿಲ್ಲ. ಆವತ್ತು ಹೆಗಲ ಮೇಲಿನ ಟವೆಲ್ಲನ್ನು ಅವಳಿಗೆ ಹೊದಿಸಿ ಮನೆಯ ತನಕ ಬಿಟ್ಟು ಬಂದೆ, ಅಷ್ಟೇ. ಮೊನ್ನೆ ಮುಂಡರಗಿ ಸಂತೆಯಲ್ಲಿ ದ್ಯಾಮವ್ವ ಸಿಕ್ಕಿದ್ದಳು. ಮತ್ತೆ ಅದನ್ನೇ ಕೇಳಿದಳು.