ಮಣ್ಣಿಗೆ ಹೋಗುವ ಚೀಲ

ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಜನ ಮದುವೆಗೆ ಕರೆಯಲು ಮರೆತರೂ ಮರೆತಾರು, ಮನೆಯಲ್ಲಿ ಸಾವಾದರೆ ಮೊದಲ ಫೋನು ಮಾಡುತ್ತಿದ್ದುದು ನಮ್ಮ ಮಾವ ಬಂಡೆಪ್ಪನವರಿಗೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಇದು ನನಗೆ ಸ್ವಲ್ಪವೂ ಸೇರುತ್ತಿರಲಿಲ್ಲ. ಹಬ್ಬದ ದಿನ ಬಿಸಿ ಹೋಳಿಗೆ ಬಡಿಸಿರುತ್ತಿದ್ದೆ. ಫೋನು ಬಂತೆಂದರೆ ತಾಟು ಬಿಟ್ಟು ಎದ್ದರು. ಗೂಟಕ್ಕೆ ನೇತುಹಾಕಿದ ಖಾಕಿ ಚೀಲ ಹೆಗಲಿಗೆ ಏರಿಸಿದರು, ಹೊರಟರು. ಚೀಲದಲ್ಲಿ ಒಂದು ಹಳೆಯ ಧೋತರ, ಒಂದು ಟವೆಲ್, ವಿಭೂತಿ ಗಟ್ಟಿ, ಬಿಳಿ ಬಟ್ಟೆಯ ಕೆಲವು ಪಟ್ಟಿಗಳು. ಶವಸಂಸ್ಕಾರಕ್ಕೆ ಹೋಗುವುದನ್ನು ನಾವು ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಇದು ಮಣ್ಣಿಗೆ ಹೋಗುವ ಚೀಲ. ಆ ಗೂಟಕ್ಕೆ ಬೇರೇನನ್ನೂ ತೂಗುಹಾಕುವಂತಿರಲಿಲ್ಲ.

ಮಾವ ಭಾಲ್ಕಿ ತಾಲ್ಲೂಕಿನವರು. ಐಟಿಐ ಮುಗಿಸಿ ಬಾಲಾನಗರದ ಒಂದು ಕಾರ್ಖಾನೆಗೆ ಟರ್ನರ್ ಆಗಿ ಸೇರಿದವರು ನಿವೃತ್ತರಾಗುವವರೆಗೂ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಮುಂದೆಯೇ ನಿಂತರು. ಸೇರಿದ ಹೊಸತರಲ್ಲಿ ಕೋಣೆಯಲ್ಲಿ ಅವರ ಜೊತೆಗಿದ್ದ ಪರಮೇಶ ಎಂಬ ಹುಡುಗ ಜ್ವರ ಬಂದು ತೀರಿಕೊಂಡನಂತೆ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಮೈ ಸೆಟೆಯುವ ಮುಂಚೆ ಕಾಲು ಮಡಚಿ, ಗೋಡೆಗೆ ಒರಗಿಸಿ ಕೂರಿಸಬೇಕು. ಕೂತಂತೆಯೇ ಮಣ್ಣು ಮಾಡಬೇಕು. ಆ ಕೋಣೆಯ ಹುಡುಗರಿಗೆ ಏನು ಗೊತ್ತು? ಹೆದರಿ ಎಲ್ಲರೂ ಹೊರಗೆ ನಿಂತಿದ್ದರು. ಊರಿನಿಂದ ಬಂದ ತಾಯಿ, ಮಲಗಿದ್ದ ಮಗನನ್ನು ನೋಡಿ ಅಳಲೂ ಇಲ್ಲವಂತೆ. ನನ್ನ ಮಗನ ಹತ್ತಿರ ಯಾರೂ ಕೂತಿರಲಿಲ್ಲವೇ ಎಂದು ಮಾತ್ರ ಕೇಳಿದಳಂತೆ. ಆ ಮಾತು ಮಾವನ ಎದೆಗೆ ನಾಟಿತು. ಅಲ್ಲಿಂದ ಮುಂದೆ ನಗರದ ಯಾವ ಮೂಲೆಯಲ್ಲಿ ನಮ್ಮವರು ತೀರಿಕೊಂಡರೂ ಹೋಗಿ ಕೂರಿಸುವವರು, ಬಟ್ಟೆ ಕಟ್ಟುವವರು, ಹಣೆಗೆ ವಿಭೂತಿ ಬಳಿಯುವವರು, ಬಂಧುಗಳು ಬರುವವರೆಗೆ ಪಕ್ಕದಲ್ಲಿ ಕೂತಿರುವವರು ಇವರೇ. ಸೂತಕ ಗೀತಕ ನಮ್ಮಲ್ಲಿಲ್ಲ ಎಂದು ಪುರಾಣ ಕೇಳುವಾಗ ತಲೆದೂಗುತ್ತಿದ್ದರು. ಮಣ್ಣಿನಿಂದ ಬಂದ ಮೇಲೆ ಮಾತ್ರ ಹೊರಗಿನ ನಲ್ಲಿಯಲ್ಲಿ ಜಳಕ ಮಾಡದೆ ಒಳಗೆ ಕಾಲಿಡುತ್ತಿರಲಿಲ್ಲ, ಯಾರನ್ನೂ ಮುಟ್ಟುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಡಾಕ್ಟರು ಮಾವನಿಗೆ ಆಲ್ಝೈಮರ್ಸ್, ಮರೆವಿನ ಕಾಯಿಲೆ ಎಂದರು. ಮೊದಲು ಬಸ್ಸಿನ ನಂಬರು ಮರೆತರು, ಆಮೇಲೆ ಲೇಥ್ ಮರೆತರು, ಆಮೇಲೆ ನನ್ನ ಗಂಡ ಶರಣಕುಮಾರನನ್ನು ಯಾರೋ ಸಾಹೇಬರು ಎಂದುಕೊಂಡು ಎದ್ದು ನಿಲ್ಲತೊಡಗಿದರು. ಅತ್ತೆ ಶಿವದೇವಿ ಮಾವನಿಗೆ ಒಂದು ದಿನ ಹೆಂಡತಿ, ಒಂದು ದಿನ ಅಕ್ಕ, ಒಂದು ದಿನ ಗುರುತಿಲ್ಲದ ಹೆಂಗಸು. ಅತ್ತೆ ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲ. ಸಾವಿನ ಫೋನುಗಳು ನಿಂತುಹೋದವು. ಚೀಲ ಗೂಟದಲ್ಲೇ ಉಳಿಯಿತು.

ಕಳೆದ ಮೇ ತಿಂಗಳ ಮಾತು. ನಾಚಾರಂನಲ್ಲಿ ನಮ್ಮ ಮನೆ. ನಾನು ಅಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಅದು ಬೇಸಿಗೆ ರಜೆ. ಬೆಳಿಗ್ಗೆ ಮಾವನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟು, ಉಪ್ಪಿಟ್ಟು ತರಲು ಒಳಗೆ ಹೋದೆ. ಅತ್ತೆ ಲಿಂಗಪೂಜೆಗೆ ಕೂತಿದ್ದರು. ತಟ್ಟೆ ಹಿಡಿದು ಹೊರಗೆ ಬಂದರೆ ಕುರ್ಚಿ ಖಾಲಿ, ಬಾಗಿಲು ತೆರೆದಿದೆ. ಮೆಟ್ಟಿಲಿಳಿದು ಓಡಿದೆ. ರಸ್ತೆಯ ಎರಡೂ ತುದಿ ನೋಡಿದೆ. ಇಲ್ಲ.

ಆಗ ಆ ಗುಳಿಗೆಯ ನೆನಪಾಯಿತು. ಅದನ್ನು ನುಂಗಿ ಏನೂ ತಿನ್ನದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ, ಜೀವಕ್ಕೂ ಅಪಾಯ ಎಂದು ಡಾಕ್ಟರು ಮತ್ತೆಮತ್ತೆ ಹೇಳಿದ್ದರು. ಮೇಲೆ ಮೇ ತಿಂಗಳ ಬಿಸಿಲು. ಎಲ್ಲಾದರೂ ಬಿದ್ದರೆ, ಕುಡಿದು ಬಿದ್ದಿದ್ದಾನೆ ಮುದುಕ ಎಂದು ಜನ ದಾಟಿಕೊಂಡು ಹೋಗುತ್ತಾರೆ. ಹುಡುಕಿದರೆ ಸಾಲದು, ಬೇಗ ಹುಡುಕಬೇಕಿತ್ತು.

ಶರಣಕುಮಾರ ಆಫೀಸಿನಿಂದ ಓಡಿ ಬಂದ. ಪೊಲೀಸರಿಗೆ ಫೋಟೋ ಕೊಟ್ಟ. ಇಂಥವರು ಹಳೆಯ ಕೆಲಸದ ಜಾಗಕ್ಕೆ ಹೋಗುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಾಲಾನಗರಕ್ಕೆ ಗಾಡಿ ಓಡಿಸಿದ. ಕಾರ್ಖಾನೆ ಮುಚ್ಚಿ ಅದೆಷ್ಟೋ ವರ್ಷವಾಗಿದೆ, ಆ ಜಾಗದಲ್ಲಿ ಗೋದಾಮು ಬಂದಿದೆ. ಅಲ್ಲಿನವರು ಲೇಥ್ ಎಂದರೇನು ಎಂದು ಕೇಳಿದರಂತೆ. ಹಿಮಾಯತ್‌ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾವನ ಗೆಳೆಯ ಸೂರ್ಯಕಾಂತ ಕಾಕಾ ಅಂಗಡಿಗೆ ಬೀಗ ಹಾಕಿ ದವಾಖಾನೆ, ಬಸ್ ನಿಲ್ದಾಣ ಸುತ್ತತೊಡಗಿದರು. ಉಳಿದ ಬಂಧುಗಳು ಫೋನಿನಲ್ಲಿ ಬುದ್ಧಿ ಹೇಳುವ ಕೆಲಸ ವಹಿಸಿಕೊಂಡರು. ಬಾಗಿಲಿಗೆ ಚಿಲಕ ಹಾಕಬಾರದಿತ್ತೇ ಎಂದು ಬೀದರಿನಿಂದ ಒಬ್ಬರು, ಹನುಮಂತನಿಗೆ ಹರಕೆ ಹೊರು ಎಂದು ಕಲಬುರಗಿಯಿಂದ ಇನ್ನೊಬ್ಬರು. ನಾನು ಮೂರನೆಯವರ ಫೋನು ಎತ್ತಲೇ ಇಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಬೆವರು ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಒಳಗೆ ಹೋದೆ. ಗೂಟ ಬರಿದಾಗಿತ್ತು. ಅತ್ತೆಯನ್ನು ಕೂಗಿ ತೋರಿಸಿದೆ. ಬೆಳಗಿನಿಂದ ಉಪ್ಪಿಟ್ಟಿನ ತಟ್ಟೆಗೆ ಮುಚ್ಚಳ ಮುಚ್ಚಿ ಅದರ ಮುಂದೆಯೇ ಕೂತಿದ್ದ ಅತ್ತೆ ಎದ್ದು ಬಂದು ಗೂಟ ನೋಡಿದರು. ಅವರ ಮುಖದಲ್ಲಿ ಜೀವ ಬಂತು.

"ಅವರು ಕಳದಿಲ್ಲವಾ ಕಾವ್ಯಾ," ಎಂದರು. "ಮಣ್ಣಿಗೆ ಹೋಗ್ಯಾರ."

ಸೂರ್ಯಕಾಂತ ಕಾಕಾಗೆ ಫೋನು ಮಾಡಿದೆ. ಅವರು ನಾಲ್ಕು ಕಡೆ ವಿಚಾರಿಸಿ, ಇವತ್ತು ನಮ್ಮವರು ಯಾರೂ ತೀರಿಕೊಂಡಿಲ್ಲ ಎಂದರು. ನನಗೆ ಸಿಟ್ಟು ಬಂತು. ಈ ಊರಿನಲ್ಲಿ ನಮ್ಮವರು ಮಾತ್ರ ಸಾಯುತ್ತಾರೇನು? ಆಗ ಅತ್ತೆಗೆ ನೆನಪಾಯಿತು: ಪೂಜೆಯ ಹೊತ್ತಿನಲ್ಲಿ ಮಲ್ಲಾಪುರದ ಕಡೆಯಿಂದ ಡಪ್ಪಿನ ಸದ್ದು ಕೇಳಿತ್ತು. ತೆಲುಗರಲ್ಲಿ ಸಾವಾದರೆ ಡಪ್ಪು, ಎಂದರೆ ತಮಟೆ, ಬಡಿಸುತ್ತಾರೆ. ಮಾವನಿಗೆ ಮಗನ ಹೆಸರು ಮರೆತಿರಬಹುದು, ಆ ಸದ್ದಿನ ಅರ್ಥ ಮರೆತಿರಲಿಲ್ಲ.

ಆಟೋ ಹಿಡಿದೆವು. ಸಾವಾದ ಮನೆ ಎಲ್ಲಿದ್ದರೆ ಅಲ್ಲಿಗೆ ನಡಿ ಎಂದು ತೆಲುಗಿನಲ್ಲಿ ಹೇಳಿದ್ದಕ್ಕೆ ಆಟೋದವನು ನಮ್ಮಿಬ್ಬರನ್ನು ಕನ್ನಡಿಯಲ್ಲಿ ಮೇಲಿಂದ ಕೆಳಗೆ ನೋಡಿದ. ಮೊದಲು ಕಂಡ ಶಾಮಿಯಾನದ ಮುಂದೆ ಇಳಿದು, ದುಃಖದ ಮುಖ ಮಾಡಿಕೊಂಡು ಒಳಗೆ ಹೋದರೆ ಅದು ಕೂಸಿಗೆ ಹೆಸರಿಡುವ ಕಾರ್ಯ; ಬಾಯಿಗೆ ಪೇಡಾ ಹಾಕಿ ಕಳಿಸಿದರು. ಮಲ್ಲಾಪುರದ ಒಳಗಿನ ಒಂದು ಗಲ್ಲಿಯಲ್ಲಿ, ಒಂದು ಮನೆಯ ಮುಂದೆ ಕಟ್ಟಿಗೆಯ ಕೊರಡು ಹೊಗೆಯಾಡುತ್ತಿತ್ತು. ಡಪ್ಪು ಬಡಿಯುವವರು ಬೇವಿನ ಮರದ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದರು. ಇಲ್ಲಿಯೂ ಇಲ್ಲದಿದ್ದರೆ ಇನ್ನೆಲ್ಲಿ ಹುಡುಕುವುದು ಎಂದುಕೊಳ್ಳುತ್ತ ಒಳಗೆ ಹೋದೆ.

ಇದ್ದರು. ಅಂಗಳದಲ್ಲಿ ಶವವಿಟ್ಟ ಫ್ರೀಜರ್ ಪೆಟ್ಟಿಗೆ. ಅದರ ತಲೆಯ ಕಡೆ ನೆಲದ ಮೇಲೆ ನಮ್ಮ ಮಾವ, ಹಣೆಗೆ ವಿಭೂತಿ, ಹೆಗಲ ಮೇಲೆ ಟವೆಲ್, ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಿದ್ದರು. ಕಾಯಿಲೆ ಬಂದ ಮೇಲೆ ಅವರು ಅಷ್ಟು ನೆಮ್ಮದಿಯಿಂದ ಕೂತಿದ್ದನ್ನು ನಾನು ನೋಡಿರಲಿಲ್ಲ. ಪರರ ಸಾವಿನ ಮನೆ ಎಂಬುದನ್ನೂ ಮರೆತು ನನಗೆ ಸಂತೋಷದಿಂದ ಅಳು ಬಂತು. ಅಲ್ಲಿದ್ದವರು, ಪಾಪ, ಹತ್ತಿರದ ಸಂಬಂಧವೇ ಇರಬೇಕು ಎಂದು ದಾರಿ ಬಿಟ್ಟರು.

ತೀರಿಕೊಂಡವರ ತಮ್ಮನ ಮಗಳು ನಡೆದದ್ದನ್ನು ಹೇಳಿದಳು. ದೊಡ್ಡಪ್ಪ ನಾಚಾರಂನ ಕಾರ್ಖಾನೆಯಲ್ಲಿ ದುಡಿದವರು. ಈ ಹಿರಿಯರು ಬಂದು ಕೂತಾಗ ದೊಡ್ಡಮ್ಮ ಇವರನ್ನು ಗಂಡನ ಕಾರ್ಖಾನೆಯ ಗೆಳೆಯ ಎಂದುಕೊಂಡರು, ದೊಡ್ಡಮ್ಮನ ತವರಿನವರು ದೊಡ್ಡಪ್ಪನ ಊರಿನವರು ಎಂದುಕೊಂಡರು. ಸಾವಿನ ಮನೆಗೆ ಬಂದವರನ್ನು ನೀವು ಯಾರು ಎಂದು ಯಾರು ಕೇಳುತ್ತಾರೆ? ಆದರೆ ಬಂದಾಗಿನಿಂದ ಒಂದೇ ಮಾತಂತೆ: ಇವರನ್ನು ಯಾಕೆ ಮಲಗಿಸಿದ್ದೀರಿ, ಎತ್ತಿ ಕೂರಿಸಿ. ಗೆಳೆಯನ ಸಾವು ತಡೆದುಕೊಳ್ಳಲಾಗದೆ ಹಾಗೆ ಹೇಳುತ್ತಿದ್ದಾರೆ ಎಂದು ಮನೆಯ ಹೆಂಗಸರು ಮತ್ತಷ್ಟು ಅತ್ತರಂತೆ.

ಏನಾದರೂ ತಿಂದರೇ ಎಂದು ಕೇಳಿದೆ. ತಿಂಡಿ ಮುಟ್ಟಿಲ್ಲ, ಆದರೆ ಪಕ್ಕದ ಮನೆಯವರು ಚಹಾ ತಂದಾಗಲೆಲ್ಲ ಕುಡಿದಿದ್ದಾರೆ ಎಂದಳು. ಸಕ್ಕರೆ ಹಾಕಿದ್ದೇ ಎಂದೆ. ಭರ್ತಿ ಹಾಕಿದ್ದು ಎಂದಳು. ಮನೆಯಲ್ಲಿ ಒಂದು ಚಮಚಕ್ಕೂ ಜಗಳವಾಡುವ ನಾನು ಆ ಪಕ್ಕದ ಮನೆಯವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಾವನ ತೋಳು ಹಿಡಿಯಲು ಹೋದೆ. ಅವರು ಕೈ ಎತ್ತಿ ತಡೆದರು.

"ಮುಟ್ಟಬ್ಯಾಡವಾ, ಇನ್ನಾ ಜಳಕ ಆಗಿಲ್ಲ."

ಆಮೇಲೆ ನನ್ನ ಹಿಂದಿದ್ದ ಅತ್ತೆಯನ್ನು ನೋಡಿದರು. ಇಡೀ ದಿನ ಅವರನ್ನು ಯಾರೂ ಕೇಳದ ಪ್ರಶ್ನೆಯನ್ನು ಅವರೇ ಹೆಂಡತಿಗೆ ಕೇಳಿದರು.

"ನೀವು ಯಾರ ಕಡೆಯವರ್ರಿ?"

ಅತ್ತೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ನಾ ನಿಮ್ಮ ಕಡೆಯಾಕಿರಿ," ಎಂದರು. "ನಾನೂ ಮಣ್ಣಿಗೆ ಬಂದೀನಿ. ಇನ್ನ ಮುಟ್ಟಿದ್ರ ನಡೀತೈತಿ." ಅಷ್ಟು ಹೇಳಿ ಅವರ ಕೈ ಹಿಡಿದುಕೊಂಡರು. ಮಾವ ಸ್ವಲ್ಪ ಯೋಚಿಸಿ, ಸರಿದು ಜಾಗ ಮಾಡಿಕೊಟ್ಟರು. ಕೈ ಬಿಡಿಸಿಕೊಳ್ಳಲಿಲ್ಲ.

ಮನೆಗೆ ಹೋಗೋಣ ಎಂದರೆ ಮಾತ್ರ ಏಳಲೊಲ್ಲರು. ತೀರಿಕೊಂಡವರ ಮಗಳು ಮಂಚಿರ್ಯಾಲದಿಂದ ರೈಲಿನಲ್ಲಿ ಬರುತ್ತಿದ್ದಾಳೆ, ಅಲ್ಲಿಯವರೆಗೆ ಕೂತಿರಬೇಕು ಎಂಬುದು ಹೇಗೋ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಷ್ಟರಲ್ಲಿ ನನ್ನ ಫೋನು ಕೇಳಿ ಶರಣಕುಮಾರ ಬಂದ. ಅಪ್ಪನನ್ನು ಕಂಡದ್ದೇ ಗೇಟಿನ ಕಂಬ ಹಿಡಿದು ಬಿಕ್ಕಿಬಿಕ್ಕಿ ಅತ್ತ. ನಾವು ಯಾರೆಂದು ತೀರಿಕೊಂಡವರ ಹೆಂಡತಿಗೆ ತಿಳಿಸಿ ಕ್ಷಮೆ ಕೇಳಿದೆವು. ಗೆಳೆಯನಲ್ಲದಿದ್ದರೇನು, ಬೆಳಗಿನಿಂದ ಕದಲದೆ ಕೂತವರು ಇವರೊಬ್ಬರೇ, ಇರಲಿ ಬಿಡಿ ಎಂದಳು ಆಕೆ. ಹೀಗಾಗಿ ನಾವು ನಾಲ್ವರೂ ಯಾರದೋ ಸಾವಿನ ಮನೆಯಲ್ಲಿ ಸಾಲಾಗಿ ಕೂತೆವು. ಮಾವನಿಗೆ ಮತ್ತೆ ಚಹಾ ಬಂತು, ಸಕ್ಕರೆ ಹಾಕಿದ್ದೇ.

ಮಗಳು ಬಂದು ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು. ಅಪ್ಪನ ಹತ್ತಿರ ನಾನಿರಲಿಲ್ಲವಲ್ಲ ಎಂದು ಹಲುಬಿದಳು. ಮಾವ ಎದ್ದರು. ಬಾಲಾನಗರದ ತಮ್ಮ ಹಳೆಯ ದಖನಿ ಹಿಂದಿಯಲ್ಲಿ, ನಿಮ್ಮಪ್ಪ ಒಂದು ಗಳಿಗೆಯೂ ಒಬ್ಬರೇ ಇರಲಿಲ್ಲ ತಾಯಿ, ನಾನು ಕೂತಿದ್ದೆ ಎಂದು ಹೇಳಿದರು. ಆ ಹುಡುಗಿ ಅವರ ಕಾಲು ಹಿಡಿದುಕೊಂಡಳು. ಪರಮೇಶನ ತಾಯಿಗೆ ಕೊಡಲಾಗದ ಉತ್ತರವನ್ನು ಮಾವ ಜೀವನವಿಡೀ ಕೊಡುತ್ತ ಬಂದಿದ್ದರು ಎಂದು ನನಗೆ ಆಗ ಅರ್ಥವಾಯಿತು. ಚೀಲ ಹೆಗಲಿಗೆ ಹಾಕಿಕೊಂಡು, ಹೋಗೋಣ ನಡೀರಿ ಎಂದರು.

ಮನೆಯ ಕೆಳಗಿನ ನಲ್ಲಿಯಲ್ಲಿ ಎಲ್ಲರಿಗೂ ಜಳಕವಾಯಿತು. ಮಾವನ ತಲೆಗೆ ಅತ್ತೆಯೇ ನೀರು ಹಾಕಿದರು. ಮೇಲೆ ಬಂದು ಎರಡು ಜೋಳದ ರೊಟ್ಟಿ ತಿಂದು ಮಾವ ಮಲಗಿದರು. ಆ ಚೀಲ ಸುಟ್ಟುಬಿಡಿ, ಅದೇ ಅವರನ್ನು ಎಳೆದುಕೊಂಡು ಹೋಗುತ್ತದೆ ಎಂದು ಬೀದರಿನಿಂದ ಮತ್ತೆ ಫೋನು ಬಂತು. ಅತ್ತೆ ಸುಡಲಿಲ್ಲ. ಮರುದಿನ ಬೆಳಿಗ್ಗೆ ಟವೆಲಿನ ಅಂಚಿಗೆ ಕೆಂಪು ದಾರದಲ್ಲಿ ನಮ್ಮ ಫೋನ್ ನಂಬರು ಹೊಲಿದು, ಚೀಲದಲ್ಲಿಟ್ಟು, ಅದೇ ಗೂಟಕ್ಕೆ ತೂಗುಹಾಕಿದರು.

ಮಾವ ಅದನ್ನು ನೋಡುತ್ತ ನಿಂತಿದ್ದರು. ಯಾರು ಹೋದರು ಎಂದು ಕೇಳಿದರು.

"ಯಾರೂ ಹೋಗಿಲ್ಲರಿ," ಎಂದರು ಅತ್ತೆ. "ಎಲ್ಲಾರೂ ಅದೀವಿ."

"ಹಂಗಾದ್ರ ನಾಷ್ಟಾ ಕೊಡ್ರಿ," ಎಂದು ಮಾವ ಕುರ್ಚಿಯಲ್ಲಿ ಕೂತರು. ನಾನು ಮೊದಲು ಬಾಗಿಲ ಚಿಲಕ ಹಾಕಿ ಬಂದೆ, ಆಮೇಲೆ ಉಪ್ಪಿಟ್ಟು ಬಡಿಸಿದೆ.