ಮೇಸ್ತ್ರಿಗಳು ಕೈಹಾಕದ ತೂತು

ಕಾರ್ಖಾನೆ ಬಿಟ್ಟು ಮನೆ ಸೇರಿದ ಮೇಲೂ ಮೇಸ್ತ್ರಿಗಳಿಗೆ ತೂತು ಕೊರೆಯುವ ಚಪಲ ಹೋಗಲಿಲ್ಲ, ಕೊರೆಯಲು ಕಬ್ಬಿಣ ಮಾತ್ರ ಇಲ್ಲವಾಯಿತು. ಪಾಪ, ಮನೆಯ ಗೋಡೆಗಳು ಸಿಕ್ಕಿಬಿದ್ದವು. ಕ್ಯಾಲೆಂಡರಿಗೊಂದು, ಛತ್ರಿಗೊಂದು, ಮುಂದೆ ಇನ್ನೊಂದು ಛತ್ರಿ ಕೊಂಡರೆ ಇರಲಿ ಎಂದು ಅದಕ್ಕೂ ಒಂದು. ಸೊಸೆ ಏನೂ ಅನ್ನುತ್ತಿರಲಿಲ್ಲ. ಆದರೆ ನಲ್ಲಿ ಸೋರಿದರೆ, ಫ್ಯಾನು ಕಿರುಗುಟ್ಟಿದರೆ ಫೋನೆತ್ತಿ ಹೊರಗಿನವರನ್ನೇ ಕರೆಸುತ್ತಿದ್ದಳು. ಒಂದೇ ಒಂದು ಸಲ ‘ಮಾವ, ಇದನ್ನ ನೀವೇ ಮಾಡಿಕೊಡಿ’ ಅಂದಿದ್ದರೆ ಮೇಸ್ತ್ರಿಗಳ ಜನ್ಮ ಸಾರ್ಥಕವಾಗುತ್ತಿತ್ತು. ಆ ಮಾತನ್ನು ಕೇಳಿ ಪಡೆಯುವಷ್ಟು ಸಣ್ಣವರಾಗಲು ಮಾತ್ರ ಅವರು ಸಿದ್ಧರಿರಲಿಲ್ಲ.

ಹೀಗಿರುವಾಗ ಸೊಸೆ ಆಸೆಪಟ್ಟು ದೊಡ್ಡದೊಂದು ಅಕ್ವೇರಿಯಂ ತರಿಸಿದಳು. ನೀರು ತಾನಾಗಿ ಕೆಳಗಿನ ಫಿಲ್ಟರಿಗೆ ಇಳಿಯಬೇಕಾದರೆ ಹಿಂಬದಿಯ ಗಾಜಿನಲ್ಲೊಂದು ತೂತು ಬೇಕು, ಅದರಲ್ಲಿ ಪೈಪು ಕೂರಬೇಕು. ತೂತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಸ್ತ್ರಿಗಳು ಕನ್ನಡಕ ಏರಿಸಿಕೊಂಡು ಹಾಜರಾದರು.

“ಇಷ್ಟಕ್ಕೆ ಯಾರನ್ನಮ್ಮ ಕರೆಸೋದು? ನಾನಿಲ್ವಾ?”

“ಬೇಡ ಮಾವ. ಇದು ಗಾಜು, ಕಬ್ಬಿಣ ಅಲ್ಲ.”

ಮಗನನ್ನು ಕೇಳಿದರೆ, ಅವನು ಅಪ್ಪನ ಮುಂದೆ “ಅದೇನು ಮಹಾ ಕೆಲಸ” ಅಂದ, ಹೆಂಡತಿಯ ಮುಂದೆ “ನೀನು ಹೇಳೋದೇ ಸರಿ” ಅಂದ, ಆಫೀಸಿಗೆ ಹೊತ್ತಾಯಿತೆಂದು ಜಾಗ ಖಾಲಿ ಮಾಡಿದ.

ಮೇಸ್ತ್ರಿಗಳು ಹಟಕ್ಕೆ ಬಿದ್ದರು. ಗಾಜು ಕೊರೆಯುವ, ಉಂಗುರದಂಥ ಬಾಯಿಯ ಬಿಟ್ ಒಂದನ್ನು ಕೊಂಡುತಂದು, ಹಿತ್ತಲಲ್ಲಿ ಹಳೆಯ ಕಿಟಕಿ ಗಾಜುಗಳ ಮೇಲೆ ಕೈ ಪಳಗಿಸಲು ಕೂತರು. ಮೊದಲ ಎರಡು ಗಾಜು ಫಳ್ ಎಂದವು. ಮೈಭಾರ ಹಾಕಿ ಕಬ್ಬಿಣ ಕೊರೆದ ಕೈ, ಸುಮ್ಮನಿರು ಅಂದರೆ ಎಲ್ಲಿ ಕೇಳೀತು? ಗಾಜಿಗೆ ಮಿಷನ್ನಿನ ತೂಕವೇ ಸಾಕು. ಮೇಲೆ ನೀರು ಎಡೆಬಿಡದೆ ಬೀಳುತ್ತಿರಬೇಕು, ಬಿಸಿಯಾಯಿತೋ ಕೆಟ್ಟಿತು. ಇಷ್ಟು ತಲೆಗೆ ಹೋದ ಮೇಲೆ ಒಂದು ಗಾಜೂ ಒಡೆಯಲಿಲ್ಲ. ದುಂಡನೆಯ ಗಾಜಿನ ಬಿಲ್ಲೆಗಳು ಕಟ್ಟೆಯ ಮೇಲೆ ಸಾಲಾಗಿ ಕೂತವು. ಆದರೆ ಸೊಸೆ ಹಿತ್ತಲಿಗೆ ಓಡಿಬಂದದ್ದು ಎರಡೇ ಸಲ, ಆ ಎರಡು ಫಳ್ ಕೇಳಿ. ಬಿಲ್ಲೆಗಳು ಸದ್ದು ಮಾಡದೆ ಬಿದ್ದದ್ದರಿಂದ ಅವನ್ನು ನೋಡಲು ಯಾರೂ ಬರಲಿಲ್ಲ.

ಮರುದಿನ ಗಾಜಿನಂಗಡಿಯಿಂದ ಕೊರೆಯುವವನು ಬಂದ. ನಡುವಯಸ್ಸಿನವನು, ಮಾತು ಕಡಿಮೆ. ಅಕ್ವೇರಿಯಂ ತೊಟ್ಟಿಯನ್ನು ಕಂಬಳಿಯ ಮೇಲೆ ಮಲಗಿಸಿ ಕೆಲಸ ಶುರುಮಾಡಿದ.

“ಮಾವ, ನೀವು ಅಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಅವರಿಗೆ ಏನೂ ಹೇಳೋಕೆ ಹೋಗ್ಬೇಡಿ,” ಎಂದು ಸೊಸೆ ಚಹಾ ಮಾಡಲು ಒಳಗೆ ಹೋದಳು.

ಮೇಸ್ತ್ರಿಗಳು ಕೋಣೆಯ ಈ ತುದಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರು. ತೂತು ಅರ್ಧ ಇಳಿದಿತ್ತು, ಆಗ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಗಾಜಿನ ಮೇಲೆ ಸುರಿಯುತ್ತಿದ್ದ ನೀರಿನ ಬಾಟಲಿ ಕೆಳಗಿಟ್ಟು, ಫೋನನ್ನು ಕಿವಿ ಹೆಗಲುಗಳ ನಡುವೆ ಸಿಕ್ಕಿಸಿಕೊಂಡು, “ಬಂದೆ ಬಂದೆ, ಇದೊಂದು ಮುಗಿಸಿ ಬಂದೆ,” ಎನ್ನುತ್ತ ಕೊರೆಯುತ್ತಲೇ ಹೋದ. ಮಿಷನ್ನಿನ ದನಿ ಒಣಗಿತು. ‘ನೀರು!’ ಎಂಬ ಮಾತು ಮೇಸ್ತ್ರಿಗಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಹೇಳಬೇಡಿ ಅಂದಿದ್ದಾಳಲ್ಲ, ಹೇಳುವುದಿಲ್ಲ. ನೋಡೇಬಿಡೋಣ ಕಸುಬಿನವರ ಕೈಚಳಕ! ಸುಳ್ಳೇಕೆ, ಅವರಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಫಳ್!

ತೂತಿನಿಂದ ಮೂಲೆಯವರೆಗೆ ಬಿರುಕು ಓಡಿತು. ಆ ಸದ್ದಿಗಾಗಿಯೇ ಕಾದಿದ್ದ ಮೇಸ್ತ್ರಿಗಳ ಎದೆ ಧಸಕ್ಕೆಂದಿತು. ಕೊರೆಯುವವನು ಮಿಷನ್ ನಿಲ್ಲಿಸಿ ಫೋನನ್ನು ಜೇಬಿಗೆ ತುರುಕಿದ.

“ಈ ತಿಂಗಳಲ್ಲಿ ಇದು ಎರಡನೇದು ಸಾರ್,” ಅಂದ ಪಿಸುದನಿಯಲ್ಲಿ. “ಇನ್ನು ನನ್ನನ್ನ ಅಂಗಡಿಗೆ ಸೇರಿಸಲ್ಲ.”

ಕಾರ್ಖಾನೆಯಲ್ಲಿ ಯಾರ ಕೈಯಲ್ಲಿ ಕೆಲಸ ಕೆಟ್ಟರೂ ಮ್ಯಾನೇಜರ ಮುಂದೆ ಅದು ಮೇಸ್ತ್ರಿಯ ಹೆಸರಿನಲ್ಲೇ ಕೆಡಬೇಕು. ಬೈಗುಳವೇನಿದ್ದರೂ ಆಮೇಲೆ, ತಮ್ಮತಮ್ಮಲ್ಲಿ. ಅದು ಅಲ್ಲಿನ ಪದ್ಧತಿ. ಅದಕ್ಕಿಂತ ಹೆಚ್ಚಾಗಿ, ಈ ಗಾಜನ್ನು ಉಳಿಸುವ ಒಂದು ಮಾತು ತಮ್ಮ ಬಾಯಲ್ಲೇ ಇತ್ತಲ್ಲ ಎಂದು ಮೇಸ್ತ್ರಿಗಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಸೊಸೆ ಓಡಿಬಂದು ಬಾಗಿಲಲ್ಲಿ ನಿಂತಳು.

“ನಾನೇ ಕೈಹಾಕಿದ್ದಮ್ಮ,” ಅಂದರು ಮೇಸ್ತ್ರಿಗಳು. “ಒಂಚೂರು ನೋಡೋಣ ಅಂತ ಮಿಷನ್ ಇಸ್ಕೊಂಡೆ. ಒತ್ತಿಬಿಟ್ಟೆ.”

ಹೇಳಿದ ಮೇಲೆ, ಅವಳು ನಂಬಲಾರಳೆಂಬ ಸಣ್ಣದೊಂದು ಆಸೆ ಅವರಿಗೆ ಹುಟ್ಟಿತು. ಎಂಥ ದಡ್ಡ ಮ್ಯಾನೇಜರಾದರೂ ಇಲ್ಲಿ ಒಂದೆರಡು ಪ್ರಶ್ನೆ ಕೇಳುತ್ತಿದ್ದ. ಸೊಸೆ ಒಂದನ್ನೂ ಕೇಳಲಿಲ್ಲ.

“ನಂಗೊತ್ತಿತ್ತು ಮಾವ,” ಅಂದಳು, ಕೋಪ ಕೂಡ ಇಲ್ಲದೆ. ಆಮೇಲೆ ಕೊರೆಯುವವನ ಕಡೆ ತಿರುಗಿ, “ಬೇಜಾರು ಮಾಡ್ಕೋಬೇಡಿ, ವಯಸ್ಸಾದೋರು. ನಿಮ್ಮ ಕೂಲಿ ಪೂರ್ತಿ ಕೊಡ್ತೀನಿ,” ಅಂದಳು.

ಅವನು ಆಗಲೆಂದು ತಲೆಯಾಡಿಸಿದ. ಮಿಷನ್ ಇನ್ನೂ ಅವನ ಕೈಯಲ್ಲೇ ಇತ್ತು. ಮೇಸ್ತ್ರಿಗಳು ಕುರ್ಚಿಯಿಂದ ಎದ್ದೇ ಇರಲಿಲ್ಲ.